ಬ್ಯಾಡಗಿ ಕಟ್ಟೆಯ ಮೇಲೆ ನಾನು ಕರೆದ ಮಾತಿನ ಟೆಂಡರ್

ಕೇಳಿದವರಿಗೆ ಸಲಹೆ ಕೊಟ್ಟರೆ ನನಗೆ ಅನ್ನ ಸೇರುತ್ತದೆ. ಕೇಳದವರಿಗೂ ಕೊಟ್ಟೇ ಉಣ್ಣುತ್ತೇನೆ. ಆದ್ದರಿಂದ ಮೊದಲೇ ಒಂದು ಸಲಹೆ ತೆಗೆದುಕೊಳ್ಳಿ: ಪುಕ್ಕಟೆ ಕೆಲಸಕ್ಕೆ ಜನ ಕೂಡಿಸಬೇಕಾದರೆ ಆ ಜವಾಬ್ದಾರಿಯನ್ನು ವ್ಯಾಪಾರಸ್ಥನ ಕೈಗೆ ಕೊಡಬೇಡಿ. ಅದರಲ್ಲೂ ನನ್ನಂಥವನ ಕೈಗೆ.

ನಾನು ಹಲಗೇರಿಯಿಂದ ಬಂದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಳೆಯ ಗೋಣಿಚೀಲ ಮಾರಿ ಬದುಕು ಕಟ್ಟಿದವನು. ತೂತು ಬಿದ್ದ ಚೀಲವನ್ನು 'ಗಾಳಿ ಆಡ್ತೈತ್ರಿ, ಕಾಯಿ ಬೂಸ್ಟು ಹಿಡಿಯಂಗಿಲ್ಲ' ಎಂದು ಮಾರಿದ ಬಾಯಿ ಇದು. ಚೀಲದಿಂದ ಟೈಪಿಂಗ್ ಮಷೀನಿಗೆ, ಟೈಪಿಂಗ್ ಮಷೀನಿನಿಂದ ಕಂಪ್ಯೂಟರಿಗೆ ಜಿಗಿದು, ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗುವ ಹೊತ್ತಿಗೆ ರಾಣೆಬೆನ್ನೂರಿನಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿಯ ಮಾಲೀಕನಾಗಿದ್ದೆ. ಬ್ಯಾಡಗಿಯ ದಲಾಲಿ ಅಂಗಡಿಗಳವರೇ ನನ್ನ ದೊಡ್ಡ ಗಿರಾಕಿಗಳು. ಅವರ ಪಾಲಿಗೆ ಮಾತ್ರ ನಾನು ಇವತ್ತಿಗೂ 'ಚೀಲದವ'.

ಆ ಅಂಗಡಿಗೆ ಒಂದು ದಿನ ಹಾವೇರಿಯಿಂದ ಒಬ್ಬರು ಮೇಡಂ ಬಂದರು. ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವರು. ಒಂದು ಕೀಬೋರ್ಡು ಬೇಕೆಂದರು, ನಾನು ದರ ಹೇಳಿದೆ, ಅವರು ಕೊಟ್ಟುಬಿಟ್ಟರು. ಚೌಕಾಸಿಯೇ ಇಲ್ಲ! ನನಗೆ ಆ ದಿನವೆಲ್ಲ ಸಮಾಧಾನವಿಲ್ಲ. ಇನ್ನಷ್ಟು ಏರಿಸಿ ಹೇಳಬಹುದಿತ್ತಲ್ಲ ಎಂಬ ಹಳಹಳಿ. ಹೋಗುವಾಗ ಅವರು ಚೀಲದಿಂದ ಒಂದು ಸಿ.ಡಿ. ತೆಗೆದು ಟೇಬಲ್ಲಿನ ಮೇಲಿಟ್ಟರು.

"ಇದನ್ನ ಹಾಕಿ ನೋಡ್ರಿ. ಪತ್ರ ಬರೆಯೋದು, ಲೆಕ್ಕದ ಹಾಳಿ ಮಾಡೋದು ಎಲ್ಲಾ ಐತಿ. ಮೆನು ಕನ್ನಡದಾಗ ಬರ್ತಾವ."

"ಎಷ್ಟಕ್ಕ ಬಿಡ್ತೀರಿ?" ಎಂದೆ.

"ಪುಕ್ಕಟ ರೀ."

"ಅದು ಖರೇ. ಕಡೀ ರೇಟ್ ಹೇಳ್ರಿ."

"ಪುಕ್ಕಟ ಅಂದ್ನೆಲ್ರಿ!"

"ಎರಡು ತಗೊಂಡ್ರ?"

ಮೇಡಂ ನಕ್ಕರು. ನಗುತ್ತ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ವಿವರಿಸಿದರು. ಈ ಸಾಫ್ಟ್‌ವೇರ್ ಯಾವ ಕಂಪನಿಯ ಸ್ವತ್ತೂ ಅಲ್ಲ. ದೇಶ ದೇಶದ ಮಂದಿ ಇಂಟರ್ನೆಟ್ಟಿನಲ್ಲಿ ಕೂಡಿ ಬರೆದಿದ್ದಾರೆ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದಕ್ಕೆ ಕನ್ನಡ ಕೂಡಿಸುವ ಕೆಲಸವನ್ನು ಇವರೂ ಬೇರೆ ಊರುಗಳ ನಾಲ್ಕಾರು ಮಂದಿಯೂ ಹೊತ್ತಿದ್ದಾರೆ. ಸಂಬಳವಿಲ್ಲ. ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಯರು ಇಂಗ್ಲಿಷ್ ಪರದೆ ಕಂಡು ಕೈ ಕಟ್ಟಿಕೊಂಡು ಕೂಡುತ್ತಾರಂತೆ, ಅದನ್ನು ನೋಡಲಾಗದೆ ಹಚ್ಚಿಕೊಂಡದ್ದು.

"ಕೋಡ್ ಬರೆಯೋರು ಹೆಂಗರ ಸಿಗ್ತಾರ್ರಿ" ಎಂದರು. "ಕೋಡ್ ಬರಲಾರದೋರು ಸಿಗವಲ್ರು. ಈ ಮಾತು ತಿಳೀತು, ಇದು ತಿಳೀಲಿಲ್ಲ, ಹಿಂಗ ಅನ್ರಿ, ಹಂಗ ಅನ್ನಬ್ಯಾಡ್ರಿ ಅಂತ ಹೇಳೋ ಮಂದಿ ಬೇಕು. ನಾವ ಬರದು ನಾವ ಓದಿಕೊಂಡು ಕುಂತ್ರ ಯಾರಿಗೆ ಬಂತು? ಯುಗಾದಿ ತನಕಾ ನೋಡ್ತೇನಿ. ಆಗಲಿಲ್ಲಂದ್ರ ಕೈ ಬಿಡ್ತೇನಿ. ಹೊಸಾ ಆವೃತ್ತಿ ಕನ್ನಡ ಇಲ್ಲದ ಹೋಗ್ತದ, ಹೋಗ್ಲಿ. ಒಬ್ಬಾಕಿ ಎಷ್ಟಂತ ಎಳೀಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನಗೆ ಮರುಕವಾಯಿತು ಎಂದು ಬರೆದರೆ ಚಂದ ಕಾಣುತ್ತದೆ. ನಿಜ ಹೇಳುವುದಾದರೆ ನನ್ನ ತಲೆಯಲ್ಲಿ ಓಡಿದ್ದು ಬ್ಯಾಡಗಿಯ ದಲಾಲರ ಗುಮಾಸ್ತರು. ಪರದೆಯ ಮೇಲೆ ಇಂಗ್ಲಿಷಿನ ಪ್ರಶ್ನೆಯೊಂದು ಎದ್ದರೆ ಸಾಕು, ಹೆದರಿ ಗೋಡೆಯ ಸ್ವಿಚ್ಚನ್ನೇ ಬಂದ್ ಮಾಡುತ್ತಿದ್ದರು. ಕನ್ನಡ ಮಾತಾಡುವ ಕಂಪ್ಯೂಟರ್ ಅಂದರೆ ಪೇಟೆಯ ತುಂಬ ನನ್ನದೇ ಮಾಲು!

"ಜನಾ ಕೂಡಿಸೋದು ನನಗ ಬಿಡ್ರಿ ಮೇಡಂ" ಎಂದೆ. "ಯುಗಾದಿ ಯಾಕ, ಸಂಕ್ರಮಣದಾಗ ನಿಮ್ಮ ಮನೀ ಮುಂದ ಮಂದೀ ಪಾಳಿ ಹಚ್ಚಸ್ತೇನಿ."

ಮೊದಲ ಪ್ರಯತ್ನ ಗಿರ್ಮಿಟ್ಟಿನದು. ಒಂದು ಭಾನುವಾರ ಅಂಗಡಿಯ ಮುಂದೆ ಶಾಮಿಯಾನ ಹಾಕಿಸಿ, ಗಿರ್ಮಿಟ್, ಮಿರ್ಚಿ ಭಜಿ, ಚಹಾ ಇಟ್ಟು, ಬೋರ್ಡ್ ಬರೆಸಿದೆ. ಜನ ಬಂದರು. ಕುರ್ಚಿ ಸಾಲದೆ ಪಕ್ಕದ ಜೆರಾಕ್ಸ್ ಅಂಗಡಿಯ ಬೆಂಚು ತಂದೆವು. ನಾನು ಮೈಕ್ ಹಿಡಿದು ಜ್ಞಾನ, ಸ್ವಾತಂತ್ರ್ಯ, ತಾಯ್ನುಡಿ ಎಂದೆಲ್ಲ ಮಾತಾಡಿದೆ. ನನ್ನ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ನನಗೇ ಕಣ್ಣು ತೇವವಾಯಿತು. ಮುಗಿದ ಮೇಲೆ ಜೆರಾಕ್ಸ್ ಅಂಗಡಿಯವನು ಎದ್ದು ನಿಂತ.

"ಅಣ್ಣಾರ, ಸಾಫ್ಟ್‌ವೇರ್ ಪುಕ್ಕಟ ಕೊಡ್ತೀರಿ. ಮ್ಯಾಲ ಗಿರ್ಮಿಟ್ ತಿನ್ನಸ್ತೀರಿ. ನಾಳೆ ನಮಗ ಏನ್ ಮಾರಾವ್ರದೀರಿ ಅದನ್ನ ಈಗ ಹೇಳಿಬಿಡ್ರಿ, ಮನೀಗೆ ಹೋಗಿ ಕೇಳಿಕೊಂಡು ಬರ್ತೀವಿ."

ಶಾಮಿಯಾನ ಬೀಳುವಷ್ಟು ನಗು. ಉಳಿದ ಭಜಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಎಲ್ಲರೂ ಹೋದರು. ಅಲ್ಲಿಯವರೆಗೆ ನಾನು ಯಾರಿಗೂ ಏನನ್ನೂ ಪುಕ್ಕಟೆ ಕೊಟ್ಟವನಲ್ಲ. ಹಾಗಿರುವಾಗ ನಂಬುವುದಾದರೂ ಹೇಗೆ?

ಎರಡನೆಯದು ಪ್ರಮಾಣಪತ್ರದ ಉಪಾಯ. ಬಂಗಾರದ ಬಣ್ಣದ ಅಂಚು, ಕೆಳಗೆ ನನ್ನ ರುಜು. ಪರದೆಯ ಮೇಲೆ ಬರುವ ಸಂದೇಶಗಳನ್ನು ಕನ್ನಡಕ್ಕೆ ತಂದುಕೊಟ್ಟವರಿಗೆ ಕೊಡುವುದು ಎಂದು ಸಾರಿದೆ. ಐರಣಿಯ ಕಡೆಯಿಂದ ಒಬ್ಬರು ಒಂದು ಕಟ್ಟನ್ನೇ ಮುಗಿಸಿ ಕಳಿಸಿದರು. ಕುಣಿದಾಡಿಕೊಂಡು ಹಾವೇರಿಗೆ ಒಯ್ದೆ. ಮೇಡಂ ಓದುತ್ತ ಹೋದರು, ಮುಖ ಸಣ್ಣದಾಗುತ್ತ ಹೋಯಿತು. ಆ ಮಹನೀಯರು ಅರ್ಥವಾಗದ ಕಡೆಯಲ್ಲೆಲ್ಲ 'ದಯವಿಟ್ಟು ಸಹಕರಿಸಿ' ಎಂದು ಬರೆದಿದ್ದರು. ಕಡತ ಸಿಗಲಿಲ್ಲ, ದಯವಿಟ್ಟು ಸಹಕರಿಸಿ. ಪ್ರಿಂಟರಿನಲ್ಲಿ ಕಾಗದವಿಲ್ಲ, ದಯವಿಟ್ಟು ಸಹಕರಿಸಿ. ಪ್ರಮಾಣಪತ್ರ ಮಾತ್ರ ಇವತ್ತಿಗೂ ಅವರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆಯಂತೆ.

ಇದರ ನಡುವೆ ನಾನೇ ಕೆಲವು ಸಂದೇಶಗಳಿಗೆ ಕನ್ನಡ ಬರೆದೆ. ಮೂರು ನಿಘಂಟು ಮುಂದಿಟ್ಟುಕೊಂಡು ಬರೆದದ್ದು. ಹೆಂಡತಿ ಇಣುಕಿ ನೋಡಿದಳು.

"ಮಂದೀಗೆಲ್ಲಾ ಪುಕ್ಕಟ ದುಡೀರಿ ಅಂತ ಮೈಕಿನ್ಯಾಗ ಹೇಳ್ತೀರಿ. ನೀವು ಉಂಡಿದ್ದ ಗಂಗಾಳ, ಕುಡಿದಿದ್ದ ಲೋಟಾ ಒಂದಿನಾರ ಎತ್ತಿಟ್ಟೀರೇನ?"

ದೊಡ್ಡ ಕೆಲಸದಲ್ಲಿ ತೊಡಗಿದವರು ಇಂಥದ್ದಕ್ಕೆ ಉತ್ತರ ಕೊಡಬಾರದು. ನಿಘಂಟಿನ ಹಾಳೆ ಮಗುಚಿದೆ.

ಸಂಕ್ರಮಣ ಬಂತು, ಹೋಯಿತು. ಪಾಳಿಯ ಸುದ್ದಿ ಮೇಡಂ ಎತ್ತಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಆ ದಿನಗಳಲ್ಲೊಮ್ಮೆ ಪ್ರಿಂಟರ್ ರಿಪೇರಿಗೆಂದು ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ಸುಗ್ಗಿಯ ಹಂಗಾಮಿನ ಪೇಟೆ. ಅಂಗಳದ ತುಂಬ ಕೆಂಪು, ಸೀನು, ಕೆಮ್ಮು. ಪ್ರತಿ ದಲಾಲಿ ಅಂಗಡಿಯ ಮುಂದೆ ರೈತರ ಕಾಯಿ ಲಾಟ್ ಲಾಟಾಗಿ ಬಿಚ್ಚಿಟ್ಟಿರುತ್ತದೆ. ಖರೀದಿದಾರರು ಒಂದೊಂದು ಲಾಟಿನ ಮುಂದೆ ನಿಂತು, ಕಾಯಿ ಎತ್ತಿ, ಮುರಿದು, ಬೀಜ ನೋಡಿ, ಮೂಸಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಾರೆ. ಇದು ಗೊತ್ತಿದ್ದದ್ದೇ. ಅಂದು ಕಣ್ಣಿಗೆ ಬಿದ್ದದ್ದು ಬೇರೆ: ಕೊಳ್ಳುವ ಮನಸ್ಸೇ ಇಲ್ಲದವರೂ ಕಾಯಿ ಮುರಿಯುತ್ತಿದ್ದರು. ಬ್ಯಾಂಕಿಗೆ ಹೊರಟವನು, ಚಹಾ ಕುಡಿದು ಬಂದವನು, ಎಲ್ಲರೂ ಒಂದು ಕಾಯಿ ಮುರಿದು 'ಛೇ, ತ್ಯಾವ ಐತಿ' ಎಂದು ಒಂದು ಮಾತು ಒಗೆದೇ ಮುಂದೆ ಹೋಗುತ್ತಿದ್ದರು. ಈ ಅಭಿಪ್ರಾಯಕ್ಕೆ ಅವರಿಗೆ ಯಾರೂ ಗಿರ್ಮಿಟ್ ಕೊಟ್ಟಿರಲಿಲ್ಲ!

ನನ್ನ ತಲೆ ಓಡಿತು. ಮುಂದಿನ ಗುರುವಾರದ ಪೇಟೆಗೆ, ನನ್ನ ಹಳೆಯ ಗಿರಾಕಿಯಾದ ಒಬ್ಬ ದಲಾಲಿ ಸಾವ್ಕಾರರ ಕಟ್ಟೆಯ ಮೇಲೆ ರಟ್ಟುಗಳನ್ನು ಕಾಯಿಯ ಲಾಟುಗಳ ಹಾಗೆ ಸಾಲಾಗಿ ಇಟ್ಟೆ. ಒಂದೊಂದು ರಟ್ಟಿನ ಮೇಲೆ ಕಂಪ್ಯೂಟರ್ ಯಾವಾಗ, ಏನು ಕೇಳುತ್ತದೆ ಎಂಬ ವಿವರ, ಕೆಳಗೆ ದಪ್ಪಕ್ಷರದಲ್ಲಿ ಈಗಿನ ಕನ್ನಡ. ಪಕ್ಕದಲ್ಲಿ ಚೀಟಿ, ಪೆನ್ನು, ಪೆಟ್ಟಿಗೆ. ನಿಮ್ಮ ಮಾತು ಬರೆದು ಹಾಕಿ, ಗೆದ್ದವರ ಹೆಸರು ಹಲಗೆಯ ಮೇಲೆ. ಸಾವ್ಕಾರರು ತಕ್ಕಡಿಯ ಆಚೆಯಿಂದ ನೋಡಿದರು.

"ಏನೋ ಚೀಲದವ, ಮಾತಿನ ವ್ಯಾಪಾರಾ ತಗದೀಯೇನು? ಅದಂತೂ ಮದಲಿಂದೂ ನಿಂದ ಐತಲ್ಲ."

ಸ್ವಲ್ಪ ಹೊತ್ತಿಗೆ ಹಿರಿಯ ಖರೀದಿದಾರರೊಬ್ಬರು ಬಂದರು. ಪೇಟೆಯಲ್ಲಿ ಎಲ್ಲರೂ ಅವರಿಗೆ ಕಾಕಾ ಅನ್ನುತ್ತಾರೆ. ಕನ್ನಡಕ ಏರಿಸಿ ಮೊದಲನೆಯ ರಟ್ಟಿನ ಮುಂದೆ ನಿಂತರು. ಬರೆದದ್ದನ್ನು ಉಳಿಸದೆ ಮುಚ್ಚಲು ಹೊರಟರೆ ಕಂಪ್ಯೂಟರ್ ಕೇಳುವ ಪ್ರಶ್ನೆ ಅದು. ದೊಡ್ಡ ದನಿಯಲ್ಲಿ ಓದಿದರು: "'ದಸ್ತಾವೇಜಿನ ಪರಿವರ್ತನೆಗಳ ಸಂರಕ್ಷಣೆ ತಮಗೆ ಅಪೇಕ್ಷಿತವೇ?' ಯಾರೋ ಇದನ್ನ ಬರದಾವ್ರು?"

"ಒಬ್ಬರು ವಿದ್ವಾಂಸರು ರೀ" ಎಂದೆ. ನಾನೇ ಬರೆದದ್ದು.

"ಆರಾಮ ಅದಾರೇನು ಅವರು?"

ಸುತ್ತಲಿದ್ದವರು ಹತ್ತಿರ ಬಂದರು. ಒಬ್ಬ "ಇದು ಕೋರ್ಟಿನ ಸಮನ್ಸ್ ಇದ್ದಂಗ ಐತಿ" ಅಂದ. ಮತ್ತೊಬ್ಬ "ನಮ್ಮ ಗುಮಾಸ್ತ ಇದನ್ನ ನೋಡಿದ್ರ ಸ್ವಿಚ್ ಅಲ್ಲ, ಮೀಟರ್ ಕಿತ್ತು ಒಗೀತಾನ" ಅಂದ. ಕಾಕಾ ಚೀಟಿ ತೆಗೆದುಕೊಂಡು ಒಂದು ಸಾಲು ಬರೆದರು: 'ಬರೆದದ್ದನ್ನು ಇಟ್ಟುಕೊಳ್ಳಲೋ, ಬಿಡಲೋ?' ಪೆಟ್ಟಿಗೆಗೆ ಹಾಕಿದರು. ಅವರು ಹಾಕಿದ್ದನ್ನು ಕಂಡ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಸಂಜೆಗೆ ಪೆಟ್ಟಿಗೆ ತುಂಬಿತು. ಮೇಡಂಗೆ ಫೋನ್ ಮಾಡಿ, "ನೋಡ್ರಿ, ಜನಾ ಕೂಡಿಸೋದಂದ್ರ ಹಿಂಗ" ಎಂದು ದೊಡ್ಡದಾಗಿ ಹೇಳಿದೆ. ಕಾಯಿಯಂತೆ ಮುರಿದು ಬಿಸಾಡಿದ ಸಾಲುಗಳಲ್ಲಿ ಹೆಚ್ಚಿನವು ನಾನು ಬರೆದವೇ ಎಂಬುದನ್ನು ಹೇಳಲು ಹೋಗಲಿಲ್ಲ.

ಕೆಲವು ಪೇಟೆಯ ದಿನಗಳು ಹೀಗೇ ನಡೆದವು. ಆಮೇಲೆ ಹಲಗೆಯ ಮೇಲಿನ ಹೆಸರುಗಳಿಂದ ಕಿರಿಕಿರಿ ಶುರುವಾಯಿತು. ಎದುರುಬದುರು ಅಂಗಡಿಯ ಇಬ್ಬರು, ಅವನ ಮಾತು ಹೇಗೆ ಗೆದ್ದಿತು, ನನ್ನದು ಹೇಗೆ ಸೋತಿತು ಎಂದು ಮಾತು ಬಿಟ್ಟರು. ನನಗೆ ಒಳಗೊಳಗೇ ಖುಷಿ. ಪೈಪೋಟಿ ಏರಿದರೆ ಮಾಲಿಗೆ ದರ ಏರುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಯುಗಾದಿ ಹತ್ತಿರ ಬಂದಿತ್ತು. ಉಳಿದ ಸಂದೇಶಗಳಲ್ಲಿ ಕಠಿಣವಾದವನ್ನೆಲ್ಲ ಒಂದು ಸೋಮವಾರ ಕಟ್ಟೆಗಿಟ್ಟೆ. ಅದರಲ್ಲಿ ಒಂದು, ಸಾಫ್ಟ್‌ವೇರ್ ಕೆಲಸದ ನಡುವೆ ನಿಂತುಬಿಟ್ಟಾಗ ಬರುವ ಸಂದೇಶ. ಸಂಜೆ ಪೆಟ್ಟಿಗೆ ತೆರೆದು ಚೀಟಿ ಬಿಚ್ಚಿದೆ. 'ಕೆಲಸ ನಿಂತಿದೆ. ಕಾಯುತ್ತೀರೋ, ಮುಚ್ಚುತ್ತೀರೋ?' ಎರಡನೆಯ ಚೀಟಿಯಲ್ಲೂ ಅದೇ. ಮೂರನೆಯದರಲ್ಲೂ ಅದೇ. ಎಲ್ಲ ಚೀಟಿಗಳಲ್ಲೂ, ಎಲ್ಲ ಲಾಟುಗಳಿಗೂ, ಒಂದೊಂದೇ ಮಾತು.

ಮೆಣಸಿನಕಾಯಿಯ ಟೆಂಡರಿನಲ್ಲಿ ಹೀಗೆ ಎಲ್ಲ ಚೀಟಿಗಳಲ್ಲಿ ಒಂದೇ ದರ ಬಂದರೆ ಏನರ್ಥ ಎಂದು ಪೇಟೆಯ ಕಲ್ಲಿಗೂ ಗೊತ್ತು. ಕೊಳ್ಳುವವರು ಮೊದಲೇ ಕೂಡಿ ಮಾತಾಡಿಕೊಂಡಿದ್ದಾರೆ. ನನ್ನ ಮೈ ಉರಿಯಿತು. ನನ್ನ ಕಣ್ಣೆದುರಿಗೇ ನನಗೆ ಟೋಪಿ! ಕಟ್ಟೆಯ ಮೇಲೆ ನಿಂತು ಕೂಗಿದೆ.

"ಟೆಂಡರ್ ರದ್ದು!"

ಕಾಕಾ ಚಹಾದಂಗಡಿಯಿಂದ ಎದ್ದು ಬಂದರು. "ಯಾಕೋ ತಮ್ಮಾ, ಏನಾತು?"

"ನೀವೆಲ್ಲಾ ಒಳಗಿಂದೊಳಗ ಮಾತಾಡಿಕೊಂಡೀರಿ."

"ಮಾತಾಡೇವಿ. ಹೆಸರಿನ ಸಲುವಾಗಿ ಇಬ್ಬರು ಮಾತು ಬಿಟ್ಟಿದ್ರು. ಇಬ್ಬರನ್ನೂ ಕುಂದರಿಸಿ, ಮಧ್ಯಾಹ್ನ ಪೂರ್ತಿ ಚಹಾದಂಗಡ್ಯಾಗ ಜಗಳಾಡಿ, ಒಂದು ಮಾತಿಗೆ ಬಂದೇವಿ. ಈಗ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಅದರಾಗ ತಪ್ಪೇನು?"

"ಟೆಂಡರಿನಾಗ ಮಾತಾಡಬಾರದು! ಅದು ಮೋಸ."

ಮೋಸ ಎಂಬ ಮಾತು ನನ್ನ ಬಾಯಿಂದ, ತೂತುಚೀಲ ಮಾರಿದ ಬಾಯಿಂದ! ಕಾಕಾ ತಮ್ಮ ಶರ್ಟಿನ ಕಿಸೆಯಿಂದ ನನ್ನ ಪೆನ್ನು ತೆಗೆದು ಪೆಟ್ಟಿಗೆಯ ಮೇಲಿಟ್ಟರು.

"ಆತು. ನಾಳಿಂದ ನಿನ್ನ ಕಂಪ್ಯೂಟರ್ ಜೋಡಿ ನೀನ ಮಾತಾಡ್ಕೋ" ಎಂದು ನಡೆದರು. ಹಿಂದೆಯೇ ಎಲ್ಲರೂ.

ಮರುದಿನ ಹಾವೇರಿಗೆ ಹೋಗಿ ಮೇಡಂಗೆ ನನ್ನ ಜಾಣತನವನ್ನು ವರದಿ ಮಾಡಿದೆ. ಹೇಗೆ ಹಿಡಿದೆ, ಹೇಗೆ ಕೂಗಿದೆ, ಹೇಗೆ ರದ್ದು ಮಾಡಿದೆ. ಅವರು ಕೇಳುತ್ತಿದ್ದರು. ಕೊನೆಗೆ, "ಆ ಚೀಟಿ ಅದಾವೇನ್ರಿ?" ಎಂದರು. ಪುರಾವೆಗೆಂದು ಕಿಸೆಯಲ್ಲೇ ಇಟ್ಟುಕೊಂಡು ಹೋಗಿದ್ದೆ, ಕೊಟ್ಟೆ. ಒಂದೊಂದಾಗಿ ಓದಿದರು.

"ಕೆಲಸ ನಿಂತಿದೆ ಅನ್ನೋ ಈ ಸಾಲಿನ ಮ್ಯಾಲ ನಮ್ಮ ಗುಂಪಿನಾಗ ದೀಪಾವಳಿಯಿಂದ ಜಗಳ ನಡದೈತಿ" ಎಂದರು. "ಒಬ್ಬರಿಗೆ ಒಂದು ಸೇರತೈತಿ, ಇನ್ನೊಬ್ಬರಿಗೆ ಸೇರಂಗಿಲ್ಲ. ಇಬ್ಬರು ಸಿಟ್ಟಾಗಿ ಗುಂಪನ್ನ ಬಿಟ್ಟು ಹೋದ್ರು. ಎಲ್ಲಾರೂ ಕೂಡಿ ಒಪ್ಪಿದ ಮಾತು, ಅಷ್ಟ ಬೇಕಾಗಿತ್ರಿ ನಮಗ. ಇವರು ಒಂದು ಮಧ್ಯಾಹ್ನದಾಗ ಒಪ್ಪಿ ಕೊಟ್ಟಾರ."

"ಅಂದ್ರ ನಾನು..." ಎಂದೆ.

"ನೀವು ಅದನ್ನ ರದ್ದು ಮಾಡಿ ಬಂದೀರಿ" ಎಂದು ಅವರೇ ವಾಕ್ಯ ಮುಗಿಸಿದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಮುಂದಿನ ವಾರ ಯುಗಾದಿ ಎಂದು ಮಾತ್ರ ಅಂದರು. ಅದು ನನಗೂ ಗೊತ್ತಿತ್ತು.

ಗುರುವಾರ ಬ್ಯಾಡಗಿಗೆ ಹೋಗಿ ಅದೇ ಕಟ್ಟೆಯ ಮುಂದೆ ನಿಂತೆ. ಎಲ್ಲರೂ ಇದ್ದರು, ಯಾರಿಗೂ ನಾನು ಕಾಣಲಿಲ್ಲ. ಸಾವ್ಕಾರರು ತೂಕ ನೋಡುತ್ತಲೇ, "ಯಾರೋ ಬಂದಾರ, ಚೀಲಾ ಬೇಕೇನು ಕೇಳ್ರಿ" ಎಂದರು. ಕಾಕಾನ ಮುಂದೆ ಹೋಗಿ ಹೇಳಿದೆ: ನೀವು ಮಾಡಿದ್ದೇ ಸರಿ, ಹಾವೇರಿ ಮೇಡಂಗೆ ಅದೇ ಬೇಕಿತ್ತು, ಇನ್ನೂ ಒಂದಷ್ಟು ಲಾಟ್ ಉಳಿದಿವೆ, ಬನ್ನಿ.

"ಬರೂದಕ್ಕ ಅಡ್ಡಿಯಿಲ್ಲ" ಎಂದರು ಕಾಕಾ. "ಕರಾರು ಅದಾವ."

ವ್ಯಾಪಾರದ ಮಾತು ಬಂದ ಕೂಡಲೆ ನನಗೆ ಜೀವ ಬಂತು. "ಹೇಳ್ರಿ, ನೋಡೋಣು."

"ನೋಡೋಣು ಅಲ್ಲ. ಟೆಂಡರ್ ಇಲ್ಲ, ಹಲಗಿ ಇಲ್ಲ, ಹೆಸರಿಲ್ಲ. ನಾವು ಕೂಡಿ ಕುಂತು ಮಾತಾಡೋದು. ಎರಡನೇದು, ಆ ಮೇಡಂ ಒಂದು ಸಲ ಖುದ್ದ ಬಂದು ನಮ್ಮ ಜೋಡಿ ಕುಂದ್ರಬೇಕು. ನಮ್ಮ ಮಾತು ಯಾರ ಮನೀಗೆ ಹೊಂಟೈತಿ ನಾವು ನೋಡಬೇಕಲ್ಲ."

"ಒಪ್ಪಿದೆ. ಅಲ್ರೀ ಕಾಕಾ, ಹೆಸರಿನ ವಿಚಾರದಾಗ ಒಂದು ಸ್ವಲ್ಪ... ಕೂಡಿಸಿದವರು ಅಂತ ಒಂದ ಒಂದು ಹೆಸರು..."

"ಮೂರನೇದು, ಆ ವಿದ್ವಾಂಸರು ಬರದದ್ದು ಒಂದ ಲಾಟೂ ಕಟ್ಟಿ ಮ್ಯಾಲ ಬರಬಾರದು."

ಎಲ್ಲರೂ ನನ್ನ ಮುಖ ನೋಡಿದರು. ಮೊದಲ ದಿನದಿಂದಲೂ ಅವರಿಗೆ ಗೊತ್ತಿತ್ತು ಎಂದು ಆಗ ನನಗೆ ಗೊತ್ತಾಯಿತು.

"ಹಂಗಾರ ನಾ ಏನ್ ಮಾಡಲಿ?" ಎಂದು ಕೇಳಿದೆ. ಚೌಕಾಸಿಗಲ್ಲ, ನಿಜವಾಗಿ ತಿಳಿಯದೆ.

"ಚಹಾ ತಾ" ಎಂದರು ಸಾವ್ಕಾರರು, "ನಾವು ಮಾತಾಡಿದ್ದನ್ನ ಹಾವೇರಿಗೆ ಹೊತ್ಕೊಂಡು ಹೋಗು. ಚೀಲದವ ಅಲ್ಲೇನು ನೀ?"

ಯುಗಾದಿಯ ಹಿಂದಿನ ಪೇಟೆಯ ದಿನ ಮೇಡಂ ಪ್ಯಾಸೆಂಜರ್ ರೈಲಿಗೆ ಬಂದರು. ಸ್ಟೇಶನ್ನಿನಿಂದ ಬರುವಾಗ ದಾರಿಯುದ್ದಕ್ಕೂ ಸೀನಿದರು. ಅವರು ಬಂದದ್ದು ನಾನು ಕಾಕಾಗೆ ಮಾತು ಕೊಟ್ಟದ್ದಕ್ಕಾಗಿ. ಮುಂದೆ ಮಾಡುತ್ತೇನೆ, ಬಿಡುತ್ತೇನೆ, ಏನನ್ನೂ ಹೇಳಿರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತರು. ಕಾಕಾ ಮತ್ತು ಉಳಿದವರು ಒಂದು ಲಾಟ್ ಎತ್ತಿಕೊಂಡರು: ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದು ಎಚ್ಚರಿಸುವ ಸಂದೇಶ.

"'ಹೋದದ್ದು ಮರಳಿ ಬಾರದು' ಅಂತ ಹಾಕೂಣು" ಅಂದ ಒಬ್ಬ.

"ಯಾರರ ಸತ್ತಾರೇನು? ಗುಮಾಸ್ತ ಅಳಾಕ ಹತ್ತಾನು."

"'ಅಳಿಸಿದರೆ ಮತ್ತೆ ಸಿಗುವುದಿಲ್ಲ. ಅಳಿಸಲೇ?' ಅಷ್ಟ ಸಾಕು."

"'ಅಳಿಸಲೇ' ಮೊದಲು ಬರಬೇಕ್ರಿ" ಎಂದರು ಮೇಡಂ, ಸೆರಗು ತೆಗೆದು. "ನಮ್ಮ ಹುಡುಗ್ಯಾರು ಎರಡನೇ ಸಾಲು ಓದೂ ಮೊದಲ ಬಟನ್ ಒತ್ತಿಬಿಡ್ತಾರ."

"ಹಂಗಂದ್ರ ಹೆಂಗ್ರಿ ಮೇಡಂ? ಮೊದಲು ಹೆದರಸಬೇಕು, ಆಮ್ಯಾಲ ಕೇಳಬೇಕು" ಎಂದರು ಕಾಕಾ.

ಅಲ್ಲಿಂದ ಶುರುವಾಯಿತು. ಮೇಡಂ ಒಂದು ಅಂದರೆ ಇವರು ಇನ್ನೊಂದು. ಮೆಣಸಿನ ಘಾಟಿಗೋ ಜಗಳಕ್ಕೋ ಮೇಡಂ ಅವರ ಕಣ್ಣು ಕೆಂಪಾಗಿತ್ತು. ದನಿಯಲ್ಲಿ ಆ ಮೊದಲ ದಿನದ ದಣಿವು ಮಾತ್ರ ಇರಲಿಲ್ಲ. ಕಡೆಗೆ ಕಾಕಾ ಅರ್ಧ ಸೋತರು, ಮೇಡಂ ಅರ್ಧ ಸೋತರು, ಸಾಲು ಗಟ್ಟಿಯಾಯಿತು. ಪರ್ಸಿನಿಂದ ಪೆನ್ನು ತೆಗೆದು ಬರೆದುಕೊಳ್ಳುತ್ತ ಮೇಡಂ ತಲೆಯೆತ್ತದೆ ಕೇಳಿದರು:

"ಹಂಗಾಮು ಮುಗದ ಮ್ಯಾಲ ನೀವೆಲ್ಲಾ ಎಲ್ಲಿ ಸಿಗ್ತೀರಿ?"

ನಾನು ಚಹಾದ ಟ್ರೇ ಬೆಂಚಿನ ಮೇಲಿಟ್ಟು ಹತ್ತಿರ ಬಂದೆ. ಕೆಲಸ ಕೈ ಬಿಡುವವರು ಇದನ್ನು ಕೇಳುವುದಿಲ್ಲ.

"ಕಾಯಿ ಕೋಲ್ಡ್ ಸ್ಟೋರೇಜಿಗೆ ಹೋಗತಾವ್ರಿ, ನಾವು ಹೋಗಂಗಿಲ್ಲ" ಎಂದರು ಕಾಕಾ. "ಈ ಬೆಂಚಿನ ಮ್ಯಾಲ ವರ್ಷಪೂರ್ತಿ ಕುಂತಿರ್ತೇವಿ."

ಮೇಡಂ ಪೆನ್ನು ಮುಚ್ಚಲಿಲ್ಲ. "ಮುಂದಿನ ಲಾಟ್ ಯಾವುದೈತಿ, ತಗೀರಿ" ಎಂದರು.

ನಾನು ಸಲಹೆಯೊಂದನ್ನು ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಸಾವ್ಕಾರರು ಖಾಲಿ ಲೋಟಗಳ ಕಡೆಗೆ ಕೈ ಮಾಡಿ, "ಚೀಲದವ, ಇವನ್ನ ಎತ್ತು. ಮುಂದಿನ ಸುತ್ತಿಗೆ ಸಕ್ಕರಿ ಕಡಿಮಿ ಹೇಳು" ಎಂದರು. ಎತ್ತಿದೆ. ಒಂದೊಂದಾಗಿ ಎಲ್ಲರ ಲೋಟಗಳನ್ನೂ ಟ್ರೇಗಿಟ್ಟುಕೊಂಡು ಒಲೆಯ ಕಡೆಗೆ ನಡೆದೆ. ಮನೆಯಲ್ಲಿ ಹೆಂಡತಿಯ ಮುಂದೆ ಇದನ್ನು ಹೇಳಕೂಡದು ಎಂದು ಮಾತ್ರ ಗಟ್ಟಿಯಾಗಿ ನಿರ್ಧರಿಸಿಕೊಂಡೆ.